ಗಂಟಲಿಗೆ ಮೂರು ದಿನದ ಸೆಟ್ಟು

ಗಂಟಲು ನೋವಿಗೆ ನನ್ನ ಮೆಡಿಕಲ್ ಸ್ಟೋರಿನಲ್ಲಿ ಸಿಗುತ್ತಿದ್ದ ಸೆಟ್ಟು ಹೀಗಿತ್ತು. ಆಂಟಿಬಯಾಟಿಕ್ ಕ್ಯಾಪ್ಸೂಲ್ ಒಂಬತ್ತು, ಜ್ವರ-ನೋವಿನ ಮಾತ್ರೆ ಆರು, ರಾತ್ರಿಗೆ ನೆಗಡಿಯ ಸಣ್ಣ ಮಾತ್ರೆ ಮೂರು. ಎಲ್ಲವನ್ನೂ ಸ್ಟ್ರಿಪ್ಪಿನಿಂದ ಕತ್ತರಿಸಿ, ಕಂದು ಕವರಿಗೆ ಹಾಕಿ, ಮೇಲೆ ಪೆನ್ನಿನಲ್ಲಿ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಅಂತ ಗೀಟು ಎಳೆಯುತ್ತಿದ್ದೆ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಕೊಡಿಗೇಹಳ್ಳಿ ಮೇನ್ ರೋಡಿನಲ್ಲಿ ಗಿರಾಕಿ ಕಡಿಮೆ. ಆ ಹೊತ್ತಿನಲ್ಲಿ ಮೂವತ್ತು ಸೆಟ್ಟು ಕಟ್ಟಿ ಡ್ರಾಯರಿನಲ್ಲಿ ಇಟ್ಟುಕೊಂಡರೆ ಸಂಜೆಯ ನೂಕುನುಗ್ಗಲಿನಲ್ಲಿ ಕೈಗೆತ್ತಿ ಕೊಡುವುದೊಂದೇ ಕೆಲಸ. "ಗಂಟಲಿಗೊಂದು", "ಭೇದಿಗೊಂದು", "ಮೈಕೈ ನೋವಿಗೊಂದು" ಅನ್ನುತ್ತಿದ್ದರು ಜನ, ಹೋಟೆಲಿನಲ್ಲಿ ಇಡ್ಲಿ ಕೇಳಿದ ಹಾಗೆ.

ಯಾಕೆ ಮೂರೇ ದಿನ ಅಂದರೆ, ಅದರಲ್ಲಿ ನನ್ನ ಲೆಕ್ಕಾಚಾರ ಇತ್ತು. ಐದು ದಿನದ್ದು ಕೊಟ್ಟರೆ "ಜಾಸ್ತಿ ಆಯ್ತು, ಅರ್ಧ ಕೊಡಿ" ಅನ್ನುತ್ತಾರೆ. ಹತ್ತು ದಿನ ಅಂದರೆ ಎದ್ದು ಎದುರು ಅಂಗಡಿಗೆ ಹೋಗುತ್ತಾರೆ. ಮೂರು ದಿನ ಅಂದರೆ ಚೌಕಾಶಿಯೇ ಇಲ್ಲ. ಎರಡನೇ ದಿನಕ್ಕೆ ಜ್ವರ ಇಳಿಯುತ್ತದೆ, ಮೂರನೇ ದಿನ ಊಟ ಸೇರುತ್ತದೆ, ನಾಲ್ಕನೇ ದಿನ ಅವರೇ ಬಂದು ಹೊಗಳುತ್ತಾರೆ. ಗೋಡೆ ಮೇಲೆ ಫ್ರೇಮು ಹಾಕಿಸಿ ನೇತುಹಾಕಿದ್ದ ಫಾರ್ಮಸಿಸ್ಟ್ ಸರ್ಟಿಫಿಕೇಟು ನನ್ನದಲ್ಲ. ಇನ್ನೊಬ್ಬರದನ್ನು ಬಾಡಿಗೆಗೆ ತಂದಿದ್ದೆ. ಆದರೂ ಅರ್ಧ ಏರಿಯಾ ನನ್ನನ್ನು "ಡಾಕ್ಟ್ರೇ" ಅನ್ನುತ್ತಿತ್ತು. ನಾನು ಬೇಡ ಅನ್ನುತ್ತಿರಲಿಲ್ಲ.

2014ರ ಜೂನ್‌ನಲ್ಲಿ, ಸ್ಕೂಲು ಶುರುವಾದ ಹೊಸತರಲ್ಲಿ, ಅಂಗಡಿ ಹಿಂದಿನ ಓಣಿಯಲ್ಲಿ ಬ್ಲೌಸ್ ಹೊಲಿಯುವ ಹೆಂಗಸು ಮಗಳನ್ನು ಕರೆದುಕೊಂಡು ಬಂದಳು. ಹಳೇ ಊರಿನ ಮನೆತನದವಳು. ಗಂಡ ಟೆಂಪೋ ಓಡಿಸುತ್ತ ವಾರದಲ್ಲಿ ನಾಲ್ಕು ದಿನ ಹೊರಗಿರುತ್ತಿದ್ದ. ಮಗಳು ಎಂಟನೇ ಕ್ಲಾಸು, ಸ್ಕೂಲಿನ ಥ್ರೋಬಾಲ್ ಟೀಮಿನಲ್ಲಿದ್ದಳು, ಸಣಕಲು ಕಡ್ಡಿ, ಬಾಯಿ ಮಾತ್ರ ಜೋರು.

"ಅಣ್ಣ, ಇವಳಿಗೆ ಗಂಟ್ಲು ಇಡ್ಕೊಂಡೈತೆ. ಎಂಜಲು ನುಂಗಕ್ಕಾಗ್ತಿಲ್ಲ ಅಂತಾಳೆ. ಜ್ವರಾನೂ ಐತೆ."

"ಆ ಅನ್ನು" ಅಂದೆ. ಅಂಗಡಿಯ ಟಾರ್ಚ್ ಬಿಟ್ಟು ನೋಡಿದೆ. ಟಾನ್ಸಿಲ್ ಎರಡೂ ಊದಿಕೊಂಡು ಕೆಂಪಗಿದ್ದವು, ಮೇಲೆ ಅಲ್ಲಲ್ಲಿ ಬಿಳಿ ಚುಕ್ಕೆ. ಕತ್ತಿನ ಗಂಟು ಮುಟ್ಟಿದರೆ ಹುಡುಗಿ ಮುಖ ಕಿವುಚಿದಳು. ಕೆಮ್ಮಿಲ್ಲ, ಮೂಗು ಸೋರುತ್ತಿಲ್ಲ. ಇವೆಲ್ಲ ಏನನ್ನು ಹೇಳುತ್ತವೆ ಅಂತ ಈಗ ಯಾರು ಕೇಳಿದರೂ ನಾನು ಗಂಟೆಗಟ್ಟಲೆ ಹೇಳಬಲ್ಲೆ. ಕೆಮ್ಮು-ನೆಗಡಿ ಇರುವ ಗಂಟಲು ನೋವು ಬಹುಪಾಲು ವೈರಸ್ಸಿಂದು, ಅದಕ್ಕೆ ಆಂಟಿಬಯಾಟಿಕ್ಕೇ ಬೇಡ. ನೆಗಡಿ ಇಲ್ಲದೆ ಜ್ವರ, ಬಿಳಿ ಚುಕ್ಕೆ, ಕತ್ತಿನ ಗಂಟು ಬಂದರೆ ಸ್ಟ್ರೆಪ್ಟೊಕಾಕಸ್ ಅನ್ನುವ ಬ್ಯಾಕ್ಟೀರಿಯಾ ಇರಬಹುದು, ಡಾಕ್ಟರಿಗೇ ತೋರಿಸಬೇಕು, ಅವರು ಹತ್ತು ದಿನ ಅಂದರೆ ಹತ್ತು ದಿನವೂ ನುಂಗಬೇಕು. ಅವತ್ತು ನನಗೆ ಗೊತ್ತಿದ್ದದ್ದು ಡ್ರಾಯರ್ ಎಳೆಯುವುದು. ಎಳೆದೆ.

ನಾಲ್ಕನೇ ದಿನ ತಾಯಿ ಅಂಗಡಿ ಮುಂದೆ ಹಾದುಹೋಗುವಾಗ ನಿಂತು, "ನಿಮ್ಮ ಕೈಗುಣ ಚೆನ್ನಾಗೈತೆ ಕಣಣ್ಣ" ಅಂದಳು.

ಗಣೇಶನ ಹಬ್ಬದ ಸುಮಾರಿಗೆ ಅದೇ ಗಂಟಲು, ಅದೇ ಜ್ವರ, ಅದೇ ಸೆಟ್ಟು. ದಸರಾ ರಜೆಯಲ್ಲಿ ಮೂರನೇ ಸಲ. ಆಗ ತಾಯಿ ಒಂದು ಕವರು ತಂದು ತೋರಿಸಿದಳು. ಹಿಂದಿನ ಸಲದ ಐದು ಕ್ಯಾಪ್ಸೂಲು ಉಳಿದಿದ್ದವು. ವಾಸಿಯಾಯ್ತಲ್ಲ ಅಂತ ಹುಡುಗಿ ಒಂದೂವರೆ ದಿನಕ್ಕೇ ನಿಲ್ಲಿಸಿದ್ದಳು.

"ಇದನ್ನೇ ಕೊಡ್ಲಾ ಅಣ್ಣ, ಇಲ್ಲ ಒಸದು ತಗಳ್ಳಾ?"

ಗಿರಾಕಿಗೆ ಉಳಿತಾಯ ಮಾಡಿಕೊಟ್ಟರೆ ಅವನು ಬೇರೆ ಬಾಗಿಲು ಹತ್ತುವುದಿಲ್ಲ. ಇದು ನಾನು ಕಲಿತ ವ್ಯಾಪಾರ. "ಅದನ್ನೇ ಮುಗಿಸಮ್ಮ, ಯಾಕೆ ವೇಸ್ಟ್ ಮಾಡ್ತೀಯಾ" ಅಂದೆ. ದೊಡ್ಡ ಮನಸ್ಸು ಮಾಡಿದವನ ಹಾಗೆ ಅಂದೆ.

ಎರಡು ಮೂರು ವಾರ ಕಳೆದಿರಬೇಕು. ಹುಡುಗಿಯ ಬಲ ಮಂಡಿ ಊದಿತು. ಥ್ರೋಬಾಲ್ ಆಡಿ ಬಿದ್ದಿರುತ್ತಾಳೆ ಅಂದುಕೊಂಡು ನೋವಿನ ಮಾತ್ರೆ, ಹಚ್ಚುವ ಜೆಲ್ ಕೊಟ್ಟೆ. ಎರಡು ದಿನಕ್ಕೆ ಮಂಡಿ ಇಳಿಯಿತು. ಆಮೇಲೆ ಎಡಗಾಲಿನ ಕೀಲು ಹಿಡಿಯಿತು. ಅದು ಬಿಟ್ಟ ಮೇಲೆ ಮೊಣಕೈ.

"ಸ್ಕೂಲಿಗೆ ಚಕ್ಕರ್ ಒಡಿಯಕ್ಕೆ ಆಟ ಕಟ್ತಾವ್ಳೆ ಅಣ್ಣ" ಅಂದಳು ತಾಯಿ. "ನೆನ್ನೆ ಕಾಲು ಅಂದ್ಲು, ಇವತ್ತು ಕೈ ಅಂತಾಳೆ. ನೋವು ಏನು ಬಿಎಂಟಿಸಿ ಬಸ್ಸಾ, ಸ್ಟಾಪ್ ಸ್ಟಾಪಿಗೂ ನಿಂತ್ಕೊಂಡ್ ಓಗಕ್ಕೆ?"

"ನಿನಗೆ ಬಂದ್ರೆ ಗೊತ್ತಾಗುತ್ತೆ ಬಿಡಮ್ಮ" ಅಂದಳು ಹುಡುಗಿ.

ನಾನು ನಕ್ಕೆ. ಮತ್ತೆ ನೋವಿನ ಮಾತ್ರೆ ಕೊಟ್ಟೆ. ಕೀಲಿಂದ ಕೀಲಿಗೆ ಓಡಾಡುವ ನೋವೇ ಅವಳಿಗೆ ಹತ್ತಿದ್ದ ಕಾಯಿಲೆಯ ಗುರುತು, ಅದು ಆಮೇಲೆ ತಿಳಿಯಿತು. ನನ್ನ ಮಾತ್ರೆ ಆ ಗುರುತನ್ನೂ ಅಳಿಸುತ್ತ ಹೋಯಿತು. ಯಾವ ಡಾಕ್ಟರ ಮುಂದೆ ನಿಲ್ಲಿಸಿದ್ದರೂ ಒಂದು ಸಲ ಮುಟ್ಟಿ ನೋಡಿ ಹೇಳಿಬಿಡುತ್ತಿದ್ದ ಆ ಎರಡು ವಾರವನ್ನು ನಾನು ಮಾತ್ರೆ ಕೊಟ್ಟು ದಾಟಿಸಿದೆ.

ಡಿಸೆಂಬರಿನಲ್ಲಿ ಹುಡುಗಿ ಮೂರನೇ ಮಹಡಿಯ ಕ್ಲಾಸಿಗೆ ಹತ್ತುವಾಗ ಮಧ್ಯದಲ್ಲಿ ಕೂತುಬಿಟ್ಟಳಂತೆ. ಏದುಸಿರು. ಟೀಚರು ಮನೆಗೆ ಕಳಿಸಿದರು. ಮಲಗಿದರೆ ಉಸಿರು ಕಟ್ಟುತ್ತದೆ, ದಿಂಬು ಎರಡು ಬೇಕು ಅಂದಾಗ ಮಾತ್ರ ನನಗೆ ಭಯವಾಯಿತು. ಸ್ಕೂಟರಿನಲ್ಲಿ ತಾಯಿ ಮಗಳಿಬ್ಬರನ್ನೂ ಕೂರಿಸಿಕೊಂಡು ವಿದ್ಯಾರಣ್ಯಪುರದ ಒಂದು ಸಣ್ಣ ನರ್ಸಿಂಗ್ ಹೋಮಿಗೆ ಹೋದೆ. ಅಲ್ಲಿನ ಡಾಕ್ಟರು ನನಗೆ ಪರಿಚಯ. ಅವರ ಚೀಟಿಗಳು ನನ್ನ ಅಂಗಡಿಗೂ ಬರುತ್ತಿದ್ದವು. ಅವರು ಸ್ಟೆತಸ್ಕೋಪು ಇಟ್ಟು, ತೆಗೆದು, ಮಗ್ಗುಲಾಗಿ ಮಲಗಿಸಿ ಮತ್ತೆ ಇಟ್ಟರು. ಬಹಳ ಹೊತ್ತು ಕೇಳಿದರು. ಆಮೇಲೆ ರಕ್ತದ ಎರಡು ಟೆಸ್ಟು, ಎದೆಯ ಎಕೋ ಸ್ಕ್ಯಾನು ಬರೆದು, ಸಿಟಿಯ ದೊಡ್ಡ ಆಸ್ಪತ್ರೆಗೆ ಅವತ್ತೇ ಕರೆದುಕೊಂಡು ಹೋಗಿ ಅಂದರು.

ಆ ಆಸ್ಪತ್ರೆಯ ಹೃದಯದ ಡಾಕ್ಟರು ಹೆಂಗಸು, ಐವತ್ತರ ಹತ್ತಿರ, ಒಂದು ಮಾತು ಜಾಸ್ತಿ ಆಡುವವರಲ್ಲ. ರಿಪೋರ್ಟು ನೋಡಿ ಕೇಳಿದರು.

"ಗಂಟಲು ನೋವು ಬಂದಿತ್ತಾ ಈ ವರ್ಷ?"

"ಬಂದಿತ್ತು ಮೇಡಂ. ಮೂರು ಸತಿ."

"ಏನು ಕೊಟ್ರಿ?"

"ಅಣ್ಣನೇ ಕೊಟ್ಟಿದ್ದು" ಅಂತ ತಾಯಿ ನನ್ನ ಕಡೆ ತಿರುಗಿದಳು. ಅವಳ ಮುಖದಲ್ಲಿ ಹೆಮ್ಮೆ ಇತ್ತು. "ಒಂದೇ ದಿನಕ್ಕೆ ಜ್ವರ ಇಳಿದೋಯ್ತು."

ಡಾಕ್ಟರು ನನ್ನನ್ನು ನೋಡಿದರು. ಎಷ್ಟು ದಿನಕ್ಕೆ ಕೊಟ್ಟಿರಿ ಅಂತ ಕೇಳಲಿಲ್ಲ. ಕೇಳಬೇಕಾದ ಅಗತ್ಯ ಇರಲಿಲ್ಲ ಅನ್ನಿಸುತ್ತೆ. ತಾಯಿಗೆ ಅರ್ಥವಾಗುವ ಹಾಗೆ ನಿಧಾನವಾಗಿ ಹೇಳಿದರು. ಗಂಟಲಲ್ಲಿ ಕೂತ ಈ ಬ್ಯಾಕ್ಟೀರಿಯಾ ಪೂರ್ತಿ ಸಾಯದೆ ಉಳಿದರೆ ದೇಹ ಅದರ ಮೇಲೆ ಯುದ್ಧ ಮಾಡುತ್ತ ಹೋಗುತ್ತದೆ. ಕೆಲವು ಮಕ್ಕಳಲ್ಲಿ ಆ ಯುದ್ಧ ದಾರಿ ತಪ್ಪುತ್ತದೆ. ಬ್ಯಾಕ್ಟೀರಿಯಾದ ಮೈಯೂ ನಮ್ಮ ಕೀಲಿನ, ಹೃದಯದ ಕೆಲವು ಭಾಗಗಳೂ ದೇಹಕ್ಕೆ ಒಂದೇ ಥರ ಕಾಣುತ್ತವೆ. ಕೀಲಿಗೆ ಬಿದ್ದ ಏಟು ವಾಸಿಯಾಗುತ್ತದೆ. ಹೃದಯದ ಕವಾಟಕ್ಕೆ ಬಿದ್ದದ್ದು ಗಾಯ ಬಿಟ್ಟು ಹೋಗುತ್ತದೆ. ಇದಕ್ಕೆ ರುಮ್ಯಾಟಿಕ್ ಜ್ವರ ಅನ್ನುತ್ತಾರೆ. ಇವಳ ಎಡಗಡೆಯ ಕವಾಟ ಸರಿಯಾಗಿ ಮುಚ್ಚಿಕೊಳ್ಳುತ್ತಿಲ್ಲ, ರಕ್ತ ಹಿಂದಕ್ಕೆ ಸೋರುತ್ತಿದೆ.

"ವಾಸಿ ಆಗುತ್ತಾ ಮೇಡಂ?"

"ಈಗ ಆಗಿರೋದು ಮಧ್ಯಮ. ಇನ್ನೊಂದು ಸಲ ಈ ಜ್ವರ ಬರದ ಹಾಗೆ ನೋಡ್ಕೊಂಡ್ರೆ ಇಷ್ಟಕ್ಕೇ ನಿಲ್ಲಬಹುದು, ಕಮ್ಮೀನೂ ಆಗಬಹುದು. ಬಂದ್ರೆ ಆಪರೇಷನ್. ಇಪ್ಪತ್ತೊಂದು ದಿನಕ್ಕೊಂದು ಪೆನಿಸಿಲಿನ್ ಇಂಜೆಕ್ಷನ್ ತಪ್ಪಿಸ್ಬೇಡಿ. ವರ್ಷಗಟ್ಟಲೆ. ಬಹುಶಃ ನಲವತ್ತು ವರ್ಷ ವಯಸ್ಸಾಗೋವರೆಗೆ."

ನಾನು ಮುಂದೆ ಬಂದೆ. "ಮೇಡಂ, ಇಂಜೆಕ್ಷನ್ ಸಪ್ಲೈ ನನ್ನ ಜವಾಬ್ದಾರಿ. ಒಂದೂ ತಪ್ಪಲ್ಲ."

ಪ್ರಾಯಶ್ಚಿತ್ತ ಅಂತ ಯಾರಾದರೂ ಅಂದುಕೊಂಡರೆ ಅರ್ಧ ಸರಿ. ಇನ್ನರ್ಧ, ತಾಯಿಯ ಮುಂದೆ ಇನ್ನೂ ದೊಡ್ಡವನಾಗುವ ಆಸೆ. ಬಾಯಿ ಬಿಟ್ಟು ತಪ್ಪು ಒಪ್ಪಿಕೊಳ್ಳುವುದಕ್ಕಿಂತ ಕೈಯಾರೆ ಉಪಕಾರ ಮಾಡುವುದು ಸುಲಭ. ಇದು ಸ್ವಂತ ಅನುಭವದ ಮಾತು.

ಉಪಕಾರ ಅಂದುಕೊಂಡಷ್ಟು ಸುಲಭವಾಗಿರಲಿಲ್ಲ. ಈ ಪೆನಿಸಿಲಿನ್ ಬಾಟಲಿಯಲ್ಲಿ ಬಿಳಿ ಪುಡಿಯಾಗಿ ಬರುತ್ತದೆ. ಇಂಜೆಕ್ಷನ್ ನೀರು ಬೆರೆಸಿ ಅಲ್ಲಾಡಿಸಿದರೆ ಅಕ್ಕಿ ಗಂಜಿಯ ಹಾಗೆ ಮಂದವಾಗುತ್ತದೆ. ಸಣ್ಣ ಸೂಜಿಯಲ್ಲಿ ಇಳಿಯುವುದಿಲ್ಲ. ಬೆರೆಸಿ ಸ್ವಲ್ಪ ತಡ ಮಾಡಿದರೂ ಸೂಜಿಯಲ್ಲೇ ಕಟ್ಟಿಕೊಳ್ಳುತ್ತದೆ, ಮತ್ತೆ ಚುಚ್ಚಬೇಕು. ಸೊಂಟದ ಕೆಳಗೆ ಆಳವಾಗಿ, ಒಂದೇ ಸಮನೆ ಒತ್ತಿ ಕೊಡಬೇಕು. ಅದಕ್ಕೂ ಮೊದಲು ಮುಂಗೈ ಮೇಲೆ ಒಂದು ಹನಿ ಟೆಸ್ಟ್ ಡೋಸು ಹಾಕಿ ಅರ್ಧ ಗಂಟೆ ಕಾಯಬೇಕು. ಪೆನಿಸಿಲಿನ್ ಅಂದರೆ ಸಾಕು, ನಮ್ಮ ಕಡೆಯ ಕ್ಲಿನಿಕ್ಕುಗಳು ಬಾಗಿಲು ಹಾಕಿಕೊಳ್ಳುತ್ತಿದ್ದವು. ಕೊಡಿಗೇಹಳ್ಳಿ, ಸಹಕಾರನಗರ, ಹೆಬ್ಬಾಳ, ಐದು ಕಡೆ ಕೇಳಿದೆ. "ರಿಯಾಕ್ಷನ್ ಆಗಿ ಹುಡುಗಿ ಹೋದ್ರೆ ನಮ್ಮ ಬೋರ್ಡು ಕಿತ್ತಾಕ್ತಾರೆ ಕಣ್ರೀ" ಅಂತ ಒಬ್ಬರು ನೇರವಾಗಿಯೇ ಹೇಳಿದರು.

ಕೊನೆಗೆ ವಿದ್ಯಾರಣ್ಯಪುರದ ಅದೇ ನರ್ಸಿಂಗ್ ಹೋಮಿನ ಡಾಕ್ಟರ ಹತ್ತಿರ ಕೂತೆ. ಒಂದು ಗಂಟೆ ಮಾತಾಡಿದೆ. "ಸಾರ್, ಆಕ್ಸಿಜನ್ ಇದೆ, ರಿಯಾಕ್ಷನ್ನಿನ ಇಂಜೆಕ್ಷನ್ ನಿಮ್ಮ ಟ್ರೇಯಲ್ಲೇ ಇದೆ, ನಿಮ್ಮ ಸಿಸ್ಟರು ಇಪ್ಪತ್ತು ವರ್ಷದಿಂದ ಚುಚ್ಚುತ್ತಿದ್ದಾರೆ. ನೀವೇ ಹೆದರಿದ್ರೆ ಯಾರು ಹಾಕ್ತಾರೆ? ವಾರಕ್ಕೆ ಎರಡು ಮೂರು ಪೇಷಂಟು ನಿಮ್ಮಲ್ಲಿಗೆ ಕಳಿಸೋದು ನನ್ನ ಪಾಲಿಗಿರಲಿ." ಅವರು ನಕ್ಕು, "ನೀನು ಅಂಗಡಿ ಇಡೋದು ಬಿಟ್ಟು ಎಲೆಕ್ಷನ್ನಿಗೆ ನಿಂತ್ಕೋಬೇಕಿತ್ತು" ಅಂದರು. ಒಪ್ಪಿದರು.

ಮೊದಲ ಇಂಜೆಕ್ಷನ್ನಿನ ದಿನ ಹುಡುಗಿ ಬೆಡ್ಡಿನ ಮೇಲೆ ಬೋರಲು ಮಲಗಿ ನನ್ನನ್ನು ಕೇಳಿದಳು. "ಅಂಕಲ್, ತುಂಬ ನೋಯುತ್ತಾ?"

"ಏನೂ ಆಗಲ್ಲ ಕಣೇ, ಇರುವೆ ಕಚ್ಚಿದ ಹಾಗೆ."

ಚುಚ್ಚಿದ ಮೇಲೆ ಅವಳು ದಿಂಬು ಕಚ್ಚಿಕೊಂಡಿದ್ದಳು. ಎದ್ದು ಕುಂಟುತ್ತ ಹೊರಗೆ ಬಂದವಳು, "ಅಂಕಲ್, ಆ ಇರುವೆ ಯಾವ ಊರಿಂದು? ಸಿಸ್ಟರ್, ಇವರಿಗೂ ಒಂದು ಹಾಕಿ, ಆಮೇಲೆ ಹೇಳ್ಲಿ" ಅಂದಳು. ಸಿಸ್ಟರು ಬಿದ್ದು ಬಿದ್ದು ನಕ್ಕರು. ಅವತ್ತಿನಿಂದ ಸೆವೆನ್ ಅಪ್ ಒಂದು ಬಾಟಲಿ ಅವಳ ಸಂಬಳ ಅಂತ ಒಪ್ಪಂದವಾಯಿತು. ಅವಳೂ ಚೌಕಾಶಿಯಲ್ಲಿ ಕಮ್ಮಿ ಇರಲಿಲ್ಲ. ನಾಲ್ಕನೇ ಸಲಕ್ಕೆ ಅದನ್ನು ಎಗ್ ಪಫ್‌ಗೆ ಏರಿಸಿಕೊಂಡಳು.

ಒಂಬತ್ತು ಇಂಜೆಕ್ಷನ್ ಒಂದು ದಿನವೂ ಹಿಂದೆಮುಂದೆ ಆಗದೆ ಬಿದ್ದವು. ಅಂಗಡಿಯ ಕ್ಯಾಲೆಂಡರಿನಲ್ಲಿ ಇಪ್ಪತ್ತೊಂದನೇ ದಿನಕ್ಕೆ ಕೆಂಪು ಸುತ್ತು ಹಾಕಿರುತ್ತಿದ್ದೆ. ಮೇ ತಿಂಗಳಿನ ಸ್ಕ್ಯಾನಿನಲ್ಲಿ ಸೋರಿಕೆ ಸ್ವಲ್ಪ ಕಮ್ಮಿಯಾಗಿತ್ತು. ಮೆಟ್ಟಿಲು ಹತ್ತುತ್ತಿದ್ದಳು. ತಾಯಿ ನನ್ನ ಹೆಂಡತಿಗೆ ಒಂದು ಬ್ಲೌಸು ಹೊಲಿದು ತಂದುಕೊಟ್ಟಳು. ಕೂಲಿ ಬೇಡವೇ ಬೇಡ ಅಂದಳು.

ಸೆಟ್ಟು ಕಟ್ಟುವುದನ್ನು ನಾನು ನಿಲ್ಲಿಸಿದ್ದೆನಾ? ಇಲ್ಲ. ಇದನ್ನು ಮುಚ್ಚಿಟ್ಟು ಬರೆದರೆ ಈ ಬರಹವೇ ದಂಡ. ಆ ಹುಡುಗಿಗೆ ಕೊಡಬಾರದು ಅಂತ ಮನಸ್ಸಿನಲ್ಲಿ ಗೀಟು ಹಾಕಿಕೊಂಡೆ, ಅಷ್ಟೇ. ಉಳಿದವರಿಗೆ ಡ್ರಾಯರು ತೆರೆದೇ ಇತ್ತು. ಸಾವಿರದಲ್ಲಿ ಒಬ್ಬರಿಗೆ ಹೀಗಾಗುತ್ತದೆ, ಅದು ಆಗಿಹೋಯಿತು, ಇನ್ನು ನನ್ನ ಅಂಗಡಿಗೆ ಆಗುವುದಿಲ್ಲ. ಹೀಗೆ ಯೋಚನೆ ಮಾಡುತ್ತಿದ್ದೆ. ಸಿಡಿಲು ಬಿದ್ದ ಮರಕ್ಕೇ ಮತ್ತೆ ಬೀಳುವುದಿಲ್ಲ ಅಂತಾರಲ್ಲ, ಹಾಗೆ.

ಜೂನ್ ಕೊನೆಯಲ್ಲಿ ಏಜೆನ್ಸಿಯವನಿಗೆ ಫೋನ್ ಮಾಡಿದರೆ ಸ್ಟಾಕ್ ಇಲ್ಲ ಅಂದ. ಇನ್ನೊಬ್ಬನೂ ಇಲ್ಲ ಅಂದ. ಸ್ಕೂಟರು ತೆಗೆದುಕೊಂಡು ಪೇಟೆಯ ಹೋಲ್‌ಸೇಲ್ ಅಂಗಡಿಗಳನ್ನೆಲ್ಲ ಸುತ್ತಿದೆ. ನನಗೆ ಹಳೇ ಪರಿಚಯದ ಒಬ್ಬ ಸ್ಟಾಕಿಸ್ಟು ಒಳಗೆ ಕರೆದು ಕೂರಿಸಿದ.

"ಗುರು, ಆ ಇಂಜೆಕ್ಷನ್ ಹಿಂದೆ ಯಾಕೆ ಬಿದ್ದಿದ್ದೀಯ? ಅದರ ರೇಟು ನೋಡಿದ್ದೀಯಾ? ಒಂದು ಟೀ-ಬನ್ನಿಗೆ ಬರುತ್ತೆ. ಸರ್ಕಾರ ರೇಟು ಕಟ್ಟಿಹಾಕಿದೆ. ಕಂಪನಿಯವನಿಗೆ ಗಿಟ್ಟಲ್ಲ, ನನಗೆ ಗಿಟ್ಟಲ್ಲ, ನಿನಗೂ ಗಿಟ್ಟಲ್ಲ. ಯಾವನು ಮಾಡ್ತಾನೆ?"

"ನನಗೆ ಗಿಟ್ಟೋದು ಬೇಡ. ಮಾಲು ಬೇಕು."

"ಇದೇ ಮಾತು ದುಬಾರಿ ಇಂಜೆಕ್ಷನ್ನಿಗೆ ಹೇಳು, ಈಗಲೇ ಬಾಕ್ಸು ಹೊತ್ಕೊಂಡು ಬರ್ತೀನಿ."

ಅರ್ಧ ಗಂಟೆ ಎಳೆದಾಡಿದೆವು. ಖರ್ಚಾಗದೆ ಉಳಿದ ಪ್ರೋಟೀನ್ ಪುಡಿಯ ಡಬ್ಬಗಳನ್ನು ನಾನು ಎತ್ತಿಕೊಂಡರೆ, ಒಳಗಿನ ಕಪಾಟಿನಲ್ಲಿರುವ ಮೂರು ಬಾಟಲಿ ಪೆನಿಸಿಲಿನ್ ಕೊಡುತ್ತೇನೆ ಅಂದ. ಎತ್ತಿಕೊಂಡೆ. ಮೂರು ಬಾಟಲಿಯನ್ನು ಜೇಬಿನಲ್ಲಿಟ್ಟುಕೊಂಡು ಹೆಬ್ಬಾಳದ ಫ್ಲೈಓವರ್ ಹತ್ತುವಾಗ ಗೆದ್ದೆ ಅಂದುಕೊಂಡಿದ್ದೆ. ಮುಂದಿನ ಮಾಲು ಯಾವಾಗ ಅಂತ ಅವನಿಗೂ ಗೊತ್ತಿರಲಿಲ್ಲ.

ಇಲ್ಲಿ ನನ್ನ ವ್ಯಾಪಾರದ ಬುದ್ಧಿ ಕೆಲಸ ಮಾಡಿತು. ಮೂರು ಬಾಟಲಿ, ಇಪ್ಪತ್ತೊಂದು ದಿನಕ್ಕೊಂದು ಅಂದರೆ ಒಂಬತ್ತು ವಾರದಲ್ಲಿ ಖಾಲಿ. ಸ್ವಲ್ಪ ಎಳೆದು ಕೊಟ್ಟರೆ ಅಷ್ಟರಲ್ಲಿ ಮಾಲು ಬರಬಹುದು. ಸಕ್ಕರೆ ಅಭಾವ ಬಂದಾಗ ದಿನಸಿ ಅಂಗಡಿಯವನು ಹೇಗೆ ಅರ್ಧರ್ಧ ಕೇಜಿ ಕೊಡುತ್ತಾನೋ, ಹಾಗೆ. ಔಷಧಿ ಒಂದು ದಿನದಲ್ಲಿ ಸಾಯುವುದಿಲ್ಲವಲ್ಲ ಅಂತ ಹತ್ತನೆಯದನ್ನು ಇಪ್ಪತ್ತೆಂಟು ದಿನಕ್ಕೆ ಹಾಕಿಸಿದೆ. ಏನೂ ಆಗಲಿಲ್ಲ. ಹನ್ನೊಂದನೆಯದನ್ನು ಮೂವತ್ತೈದಕ್ಕೆ. ಆಗಲೂ ಏನೂ ಆಗಲಿಲ್ಲ. ಸಿಸ್ಟರು ಚೀಟಿ ನೋಡಿ, "ಏನ್ರೀ, ದಿನ ತಪ್ತಾ ಇದೆಯಲ್ಲ" ಅಂದರು. "ಮೇಡಂಗೆ ಗೊತ್ತು ಬಿಡಿ" ಅಂದೆ. ಗೊತ್ತಿರಲಿಲ್ಲ. ತಾಯಿಗೂ ಹೇಳಲಿಲ್ಲ. ಕ್ಯಾಲೆಂಡರಿನ ಕೆಂಪು ಸುತ್ತು ನನ್ನ ಅಂಗಡಿಯಲ್ಲಿತ್ತು, ಅವಳ ಮನೆಯಲ್ಲಿರಲಿಲ್ಲ. "ಯಾವತ್ತು ಬರ್ಲಿ ಅಣ್ಣ" ಅಂತ ಅವಳು ಕೇಳುತ್ತಿದ್ದಳು. ನಾನು ಹೇಳಿದ ದಿನವೇ ಅವಳಿಗೆ ಇಪ್ಪತ್ತೊಂದು.

ಸೆಪ್ಟೆಂಬರ್ ಕೊನೆಯಲ್ಲಿ ಕಡೆಯ ಒಂದು ಬಾಟಲಿ ಕೈಯಲ್ಲಿಟ್ಟುಕೊಂಡು, ಹೊಸ ಮಾಲಿಗಾಗಿ ತುಮಕೂರಿಗೆ ಹೋಗಿದ್ದೆ. ಅಲ್ಲಿ ಒಬ್ಬ ಸ್ಟಾಕಿಸ್ಟಿನ ಹತ್ತಿರ ಒಂದು ಬಾಕ್ಸು ಇದೆ ಅಂತ ಸುದ್ದಿ. ಇತ್ತು, ನಿಜ. ಅವನನ್ನು ಒಪ್ಪಿಸಿ, ಹತ್ತು ಬಾಟಲಿ ತೆಗೆದುಕೊಂಡು ಯಶವಂತಪುರದಲ್ಲಿ ಇಳಿದು ಅಂಗಡಿಗೆ ಬಂದಾಗ ಸಂಜೆ ಆರೂವರೆ. ಕೌಂಟರಿನಲ್ಲಿ ಹೆಂಡತಿ ಕೂತಿದ್ದಳು.

"ನಿಮ್ಮ ಥ್ರೋಬಾಲ್ ಬಂದಿದ್ಲು" ಅಂದಳು. "ಗಂಟ್ಲು ನೋವಂತೆ."

"ಏನು ಮಾಡ್ದೆ?"

"ಏನು ಮಾಡೋದು, ಒಂದು ಸೆಟ್ ಕೊಟ್ಟೆ."

ನಾನು ಬಾಕ್ಸು ಕೌಂಟರಿನ ಮೇಲೆ ಇಟ್ಟೆ. "ಯಾವತ್ತು?"

"ಸೋಮವಾರ, ನೀವು ಪೇಟೆಗೆ ಹೋಗಿದ್ದಾಗ. ಯಾಕೆ, ಹಾಗ್ಯಾಕೆ ನೋಡ್ತೀರ? ದಿನಾ ಇಪ್ಪತ್ತು ಜನಕ್ಕೆ ಕೊಡ್ತೀವಲ್ಲ! ಕೊಡಬಾರ್ದು ಅಂತ ನನಗೆ ಹೇಳಿದ್ರಾ?"

ಹೇಳಿರಲಿಲ್ಲ. ಅವತ್ತು ಶುಕ್ರವಾರ. ಮಾರನೆಯ ದಿನವೇ ಇಂಜೆಕ್ಷನ್ ಹಾಕಿಸಿದೆ. ನಲವತ್ತು ದಿನಗಳ ಮೇಲೆ.

ಅಕ್ಟೋಬರಿನಲ್ಲಿ ಮತ್ತೆ ಮಂಡಿ ಊದಿತು. ಈ ಸಲ ನಾನು ನೋವಿನ ಮಾತ್ರೆ ಕೊಡಲಿಲ್ಲ. ನೇರವಾಗಿ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಹುಡುಗಿಯ ಕಾಲು ಬಾತಿತ್ತು, ಮಾತಾಡುವಾಗ ಎರಡು ಪದಕ್ಕೊಂದು ಸಲ ಉಸಿರು ತೆಗೆದುಕೊಳ್ಳುತ್ತಿದ್ದಳು. ವಾರ್ಡಿಗೆ ಸೇರಿಸಿಕೊಂಡರು. ಮಾರನೆಯ ದಿನ ಡಾಕ್ಟರು ತಾಯಿಯನ್ನೂ ನನ್ನನ್ನೂ ಕರೆದರು. ಟೇಬಲ್ಲಿನ ಮೇಲೆ ಹಳೆಯ ಸ್ಕ್ಯಾನು, ಹೊಸ ಸ್ಕ್ಯಾನು ಪಕ್ಕಪಕ್ಕದಲ್ಲಿ ಇದ್ದವು.

"ಇಂಜೆಕ್ಷನ್ ತಪ್ಪಿದೆಯಾ?"

"ಒಂದೂ ತಪ್ಪಿಲ್ಲ ಮೇಡಂ" ಅಂದಳು ತಾಯಿ. "ಅಣ್ಣ ಏಳಿದ್ ದಿನ ಏಳಿದ್ ಟೈಮಿಗೆ ಓಗಿದೀವಿ. ದೇವ್ರಾಣೆ."

ಅವಳು ದೇವರ ಆಣೆ ಇಟ್ಟಿದ್ದು ನನ್ನ ಸುಳ್ಳಿನ ಮೇಲೆ. ಡಾಕ್ಟರು ನನ್ನ ಕಡೆ ನೋಡುತ್ತಲೂ ಇರಲಿಲ್ಲ, ಬರೆಯುತ್ತಿದ್ದರು. ಸುಮ್ಮನಿದ್ದಿದ್ದರೆ ಇಂಜೆಕ್ಷನ್ ಹಾಕಿಸಿಯೂ ಜ್ವರ ಬಂತು ಅಂತ ಅವರು ಬರೆದುಕೊಳ್ಳುತ್ತಿದ್ದರು, ಮುಂದಿನ ಚಿಕಿತ್ಸೆಯನ್ನೂ ಆ ಲೆಕ್ಕದಲ್ಲೇ ಮಾಡುತ್ತಿದ್ದರು. ಒಂದು ತಪ್ಪು ಮಾತ್ರೆ ಸಾಲದು ಅಂತ ತಪ್ಪು ಚೀಟಿಯನ್ನೂ ನಾನೇ ಬರೆಸಿದ ಹಾಗಾಗುತ್ತಿತ್ತು. ವ್ಯಾಪಾರದಲ್ಲಿ ಎದುರಿನವನು ಕೇಳದೆ ನಮ್ಮ ಬೆಲೆ ನಾವೇ ಬಿಚ್ಚಬಾರದು. ಅಂಗಡಿ ಹಾಕಿದ ದಿನದಿಂದ ಅದನ್ನೇ ಪಾಲಿಸಿದ್ದೆ.

"ತಪ್ಪಿದೆ ಮೇಡಂ" ಅಂದೆ. "ಮಾಲು ಸಿಗಲಿಲ್ಲ. ಇದ್ದದ್ದನ್ನ ನಾನು ಎಳೆದು ಎಳೆದು ಹಾಕಿಸಿದೆ. ಇಪ್ಪತ್ತೆಂಟು, ಮೂವತ್ತೈದು, ಕಡೇದು ನಲವತ್ತು. ಇವರಿಗೆ ಗೊತ್ತಿಲ್ಲ. ಮಧ್ಯದಲ್ಲಿ ಗಂಟಲು ನೋವು ಬಂದಿತ್ತು, ನಮ್ಮ ಅಂಗಡಿಯಿಂದ ಮೂರು ದಿನದ ಮಾತ್ರೆ ಹೋಗಿದೆ. ಮೊದಲಿನ ಎರಡು ಸಲವೂ ಮೂರು ಮೂರೇ ದಿನ ಕೊಟ್ಟಿದ್ದು, ಮೂರನೇ ಸಲ ಉಳಿದಿದ್ದ ಐದು ಕ್ಯಾಪ್ಸೂಲ್ ಅಷ್ಟೇ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಸಿಗಲಿಲ್ಲ ಅಂದ್ರೆ ಬಂದು ಹೇಳಬೇಕಿತ್ತಲ್ರೀ. ಪೆನಿಸಿಲಿನ್ ಮಾತ್ರೆ ಬರೆದುಕೊಡ್ತಿದ್ದೆ. ದಿನಕ್ಕೆ ಎರಡು. ಇಂಜೆಕ್ಷನ್ನಿನಷ್ಟು ಗಟ್ಟಿಯಲ್ಲ, ಆದರೆ ಏನೂ ಇಲ್ಲದ್ದಕ್ಕಿಂತ ನೂರು ಪಾಲು ವಾಸಿ. ನಿಮ್ಮ ಅಂಗಡಿಯಲ್ಲಿ ಇರಲಿಲ್ವಾ ಆ ಮಾತ್ರೆ?"

ಇತ್ತು. ಎಡಗಡೆ ಶೆಲ್ಫಿನ ಮೂರನೇ ಸಾಲಿನಲ್ಲಿ. ನಾನು ತುಮಕೂರಿಗೆ ಹೋದ ದಿನವೂ ಅಲ್ಲೇ ಇತ್ತು.

ಆಗ ಎಲ್ಲ ಸೇರಿ ಒಂದೇ ಬಾರಿಗೆ ಬಂದು ಮುಖಕ್ಕೆ ಬಡಿಯಿತು. ಓಡಾಡಿದ್ದು, ಚೌಕಾಶಿ ಮಾಡಿದ್ದು, ಪ್ರೋಟೀನ್ ಡಬ್ಬ ಹೊತ್ತದ್ದು, ಇದೆಲ್ಲ ಸಾಹಸ ಅಂದುಕೊಂಡಿದ್ದೆ. ಬೇಕಾಗಿದ್ದದ್ದು ಬಸ್ಸು ಹತ್ತಿ ಬಂದು "ಸಿಗ್ತಿಲ್ಲ ಮೇಡಂ" ಅನ್ನುವ ಒಂದು ಮಾತು. ಸಪ್ಲೈ ನನ್ನ ಜವಾಬ್ದಾರಿ ಅಂದಿದ್ದ ಬಾಯಿಗೆ ಆ ಒಂದು ಮಾತು ಬರಲಿಲ್ಲ. ನಿಮ್ಮ ಕೈಯಲ್ಲಿ ಯಾರದಾದರೂ ಔಷಧಿಯ ಜವಾಬ್ದಾರಿ ಇದ್ದರೆ, ಆಗದ ದಿನ ಆಗಲಿಲ್ಲ ಅಂತ ಹೇಳಿ. ಮರ್ಯಾದೆ ಹೋದರೆ ನಾಳೆ ಬರುತ್ತದೆ.

ತಾಯಿ ಸೆರಗನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಿದ್ದಳು. ವಾರ್ಡಿಗೆ ಹೋಗಿ ಮಗಳ ತಲೆ ಬಾಚಿದಳು. ಅವಳು ಬೈಯಲಿ ಅಂತ ನಾನು ಎರಡು ವಾರ ಕಾದೆ. ಬೈದಿದ್ದರೆ ನಾನು ಉತ್ತರ ಕೊಡುತ್ತಿದ್ದೆ. ಗೊತ್ತಿರಲಿಲ್ಲಮ್ಮ, ಊರೆಲ್ಲ ಹೀಗೇ ಕೊಡುತ್ತದಮ್ಮ, ಎದುರು ಅಂಗಡಿಯಲ್ಲಿ ಎರಡೇ ದಿನಕ್ಕೆ ಕೊಡ್ತಾರಮ್ಮ. ಎಲ್ಲ ಮನಸ್ಸಿನಲ್ಲಿ ಜೋಡಿಸಿ ಇಟ್ಟುಕೊಂಡಿದ್ದೆ.

ಡ್ರಾಯರು ಅವತ್ತೇ ಖಾಲಿ ಮಾಡಿದೆ. ಚೀಟಿ ಇಲ್ಲದೆ ಆಂಟಿಬಯಾಟಿಕ್ ಇಲ್ಲ, ಚೀಟಿಯಲ್ಲಿ ಎಷ್ಟಿದೆಯೋ ಅಷ್ಟೂ ಒಯ್ಯದಿದ್ದರೆ ಮಾತ್ರೆ ಇಲ್ಲ ಅಂತ ಬೋರ್ಡು ಬರೆಸಿದೆ. ಒಂದು ವಾರದಲ್ಲಿ ಅರ್ಧ ಗಿರಾಕಿ ಎದುರಿಗೆ ಹೋದರು. "ಡಾಕ್ಟ್ರಿಗೆ ಕೊಬ್ಬು ಬಂದಿದೆ" ಅಂದದ್ದು ನನ್ನ ಕಿವಿಗೂ ಬಿತ್ತು. ನೀರು ಕುಡಿದಷ್ಟು ಸಹಜವಾಗಿ ಅದೇ ಕಂದು ಕವರು ಎದುರು ಕೌಂಟರಿನಿಂದ ಹೋಗುವುದನ್ನು ದಿನಾ ಸಂಜೆ ಕೂತು ನೋಡುತ್ತಿದ್ದೆ. ನಾನು ಒಬ್ಬ ನಿಲ್ಲಿಸಿದರೆ ಏನಾಯಿತು ಅಂತ ಕೇಳಿದರೆ, ಏನೂ ಆಗಲಿಲ್ಲ.

ಮರುವರ್ಷ ಬೇಸಿಗೆಯಲ್ಲಿ ಹುಡುಗಿಯ ಎದೆ ತೆರೆದು ಕವಾಟ ಬದಲಾಯಿಸಿದರು. ಲೋಹದ್ದು. ಹದಿನೈದು ವರ್ಷದ ಮೈಗೆ. ಸರ್ಕಾರದ ಯೋಜನೆಯಲ್ಲಿ ಆಪರೇಷನ್ನೇನೋ ಆಯಿತು. ಇನ್ನು ಜೀವ ಇರುವ ತನಕ ರಕ್ತ ತೆಳುವಾಗಿಸುವ ಮಾತ್ರೆ, ಪದೇ ಪದೇ ರಕ್ತದ ಟೆಸ್ಟು, ಮುಂದೆ ಮದುವೆ-ಬಸಿರು ಅಂದರೆ ಮೊದಲು ಡಾಕ್ಟರನ್ನು ಕೇಳಬೇಕು. ಥ್ರೋಬಾಲ್ ಇಲ್ಲ. ಇಪ್ಪತ್ತೊಂದು ದಿನದ ಇಂಜೆಕ್ಷನ್ ಮಾತ್ರ ಹಾಗೇ ಇರುತ್ತದೆ.

ಡಿಸ್ಚಾರ್ಜ್ ದಿನ ನಾನೂ ಹೋಗಿದ್ದೆ. ಕರೆದಿರಲಿಲ್ಲ. ಬ್ಯಾಗು ಹೊರುವುದಕ್ಕೆ ಒಬ್ಬರು ಬೇಕು ಅಂತ ನಾನೇ ಹೋದೆ. ಗಂಡ ಒಳಗೆ ಬಿಲ್ಲಿನ ಕ್ಯೂನಲ್ಲಿದ್ದ. ಆಸ್ಪತ್ರೆ ಗೇಟಿನ ನೆರಳಿನಲ್ಲಿ ಹುಡುಗಿ ವೀಲ್‌ಚೇರಿನಲ್ಲಿ ಕಣ್ಣು ಮುಚ್ಚಿಕೊಂಡು ಕೂತಿದ್ದಳು. ತಾಯಿ ಅವಳ ಶಾಲು ಸರಿಮಾಡಿ, ನನ್ನ ಕಡೆ ನೋಡದೆ ಕೇಳಿದಳು.

"ನಿಮ್ಮ ಮಗಳಿಗೂ ಗಂಟ್ಲು ನೋವು ಬಂದಿರ್ತೈತಲ್ಲ. ಚಿಕ್ಕವಳಿದ್ದಾಗ."

"ಬಂದಿತ್ತು."

"ಅವಳಿಗೂ ಮೂರೇ ದಿನ ಕೊಟ್ರಾ?"

ಜೋಡಿಸಿ ಇಟ್ಟುಕೊಂಡಿದ್ದ ಉತ್ತರಗಳಲ್ಲಿ ಒಂದೂ ಇದಕ್ಕೆ ಹೊಂದಲಿಲ್ಲ. ನನ್ನ ಮಗಳಿಗೆ ಆರು ವರ್ಷ ಇದ್ದಾಗ ಆರ್.ಟಿ. ನಗರದ ಮಕ್ಕಳ ಡಾಕ್ಟರಿಗೆ ತೋರಿಸಿದ್ದೆ. ಅವರು ಹತ್ತು ದಿನ ಬರೆದಿದ್ದರು. ನಾಲ್ಕನೇ ದಿನಕ್ಕೆ ಮಗು ಚೆನ್ನಾಗಿ ಆಡುತ್ತಿದ್ದರೂ, ಹತ್ತನೇ ದಿನದ ರಾತ್ರಿಯವರೆಗೂ ನಾನೇ ಚಮಚದಲ್ಲಿ ಕುಡಿಸಿದ್ದೆ. ಹೆಂಡತಿ "ಸಾಕು ಬಿಡ್ರಿ, ವಾಸಿಯಾಯ್ತಲ್ಲ" ಅಂದಾಗ, "ಡಾಕ್ಟ್ರು ಸುಮ್ಮನೆ ಬರೀತಾರಾ" ಅಂತ ಅವಳಿಗೆ ಬೈದಿದ್ದೆ.

"ಇಲ್ಲ. ಡಾಕ್ಟ್ರಿಗೆ ತೋರಿಸಿದ್ದೆ. ಹತ್ತು ದಿನ ಕೊಟ್ಟೆ" ಅಂದೆ.

ಅವಳು ತಲೆ ಆಡಿಸಿದಳು.

"ಅಂಗಾದ್ರೆ ಗೊತ್ತಿತ್ತು ನಿಮ್ಗೆ."

ಗಂಡ ಕಾಗದ ಹಿಡಿದುಕೊಂಡು ಬಂದ. ಅವಳು ಮಗಳನ್ನು ಎಬ್ಬಿಸಿ, ಕಂಕುಳಲ್ಲಿ ಕೈ ಹಾಕಿ ನಿಲ್ಲಿಸಿದಳು. ಬ್ಯಾಗನ್ನು ನನ್ನ ಕೈಯಿಂದ ತೆಗೆದುಕೊಂಡು ಗಂಡನಿಗೆ ಕೊಟ್ಟಳು. ಆಮೇಲೆ ರಸ್ತೆ ಕಡೆ ನೋಡುತ್ತ, ಯಾವುದೋ ಅಂಗಡಿಯವನಿಗೆ ಹೇಳುವ ಹಾಗೆ ನನಗೆ ಹೇಳಿದಳು.

"ಒಂದು ಆಟೋ ಕರೀರಿ."

ಕರೆದೆ.